ನಮ್ಮೂರ ಗಾಳಿ ಒಳ್ಳೆದುಂಟು ಅಂತ ಅಳೆದು ಹೇಳಿದ್ದು ಯಾರು?

ನವೆಂಬರ್ ಬಂತೆಂದರೆ ನಮ್ಮ ಕ್ಲಾಸ್ ಗ್ರೂಪುಗಳಲ್ಲಿ ಎರಡು ಸ್ಕ್ರೀನ್‌ಶಾಟ್ ಅಕ್ಕಪಕ್ಕ ಬರುತ್ತವೆ. ಒಂದರಲ್ಲಿ ದೆಹಲಿ, ಕಡುಗೆಂಪು. ಇನ್ನೊಂದರಲ್ಲಿ ಮಂಗಳೂರು, ಹಸಿರು. ಕೆಳಗೆ ಯಾರಾದರೂ ಒಬ್ಬರು "ನಾವು ಸ್ವರ್ಗದಲ್ಲಿದ್ದೇವೆ ಮಾರಾಯ್ರೆ" ಅಂತ ಹಾಕಿರುತ್ತಾರೆ. ದೆಹಲಿಗೆ ಹೋಲಿಸಿದರೆ ಅದು ಸುಳ್ಳೇನಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ನಮ್ಮ ಅದೃಷ್ಟ ದೊಡ್ಡದೇ.

ಆದರೆ ಆ ಹಸಿರು ಬಣ್ಣ ಯಾವುದನ್ನು ಅಳೆದು ಬಂದದ್ದು, ಯಾವುದನ್ನು ಬಿಟ್ಟು ಬಂದದ್ದು ಅಂತ ನಾವು ಕೇಳುವುದೇ ಇಲ್ಲ. ಇಂಜಿನಿಯರಿಂಗ್ ಓದುವವರು ಕೇಳದಿದ್ದರೆ ಇನ್ಯಾರು ಕೇಳಬೇಕು? ಮಂಗಳೂರಿನ ಗಾಳಿಯ ಕಣಗಳಲ್ಲಿರುವ ವಿಷಕಾರಿ ಸಾವಯವ ವಸ್ತುಗಳನ್ನು, ಮುಖ್ಯವಾಗಿ ಬೆಂಜೊ-ಎ-ಪೈರೀನನ್ನು, ವರ್ಷವಿಡೀ ನಿಯಮದ ಪ್ರಕಾರ ಅಳೆಯಬೇಕು. ಆ ಕೆಲಸಕ್ಕೆ ಇಲ್ಲಿಯ ಇಂಜಿನಿಯರಿಂಗ್ ಕಾಲೇಜುಗಳು ಕೈ ಹಾಕಬೇಕು. ಇದು ನನ್ನ ವಾದ.

ಹನ್ನೆರಡರಲ್ಲಿ ನಾಲ್ಕು ಎಲ್ಲಿ ಹೋಯಿತು?

ನಮ್ಮ ದೇಶದ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡ 2009ರ ನವೆಂಬರ್‌ನಲ್ಲಿ ಅಧಿಸೂಚನೆಯಾಯಿತು. ಅದರಲ್ಲಿ 12 ಮಾಲಿನ್ಯಕಾರಕಗಳಿವೆ. ಎಕ್ಯೂಐ ಲೆಕ್ಕಕ್ಕೆ ತೆಗೆದುಕೊಳ್ಳುವುದು 8 ಮಾತ್ರ: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ ಮತ್ತು ಸೀಸ. ಹೊರಗೆ ಉಳಿದ ನಾಲ್ಕು ಯಾವುದು ಗೊತ್ತುಂಟಾ? ಬೆಂಜೀನ್, ಬೆಂಜೊ-ಎ-ಪೈರೀನ್, ಆರ್ಸೆನಿಕ್, ನಿಕ್ಕಲ್. ನಾಲ್ಕೂ ಕ್ಯಾನ್ಸರ್ ತರುವ ಪಟ್ಟಿಯಲ್ಲಿರುವಂಥವು.

ಇದರಲ್ಲಿ ಪಿತೂರಿ ಏನೂ ಇಲ್ಲ. ಎಕ್ಯೂಐ ಮಾಡಿದ್ದೇ ಇವತ್ತು ಹೊರಗೆ ಓಡಲು ಹೋಗಬಹುದಾ, ಅಜ್ಜನ ದಮ್ಮು ಹೆಚ್ಚಾದೀತಾ ಎಂದು ತಕ್ಷಣ ಹೇಳುವುದಕ್ಕೆ. ಬೆಂಜೊ-ಎ-ಪೈರೀನ್ ಇವತ್ತು ಉಸಿರಾಡಿದರೆ ನಾಳೆ ಕೆಮ್ಮು ಬರುವ ಜಾತಿಯದ್ದಲ್ಲ. ಅದರ ಲೆಕ್ಕ ವರ್ಷಗಳಲ್ಲಿ. ಮೇಲಾಗಿ ಕದ್ರಿಯಲ್ಲಿರುವಂಥ ನಿರಂತರ ಮಾಪನ ಕೇಂದ್ರದ ಯಂತ್ರಗಳು ಅದನ್ನು ಗಂಟೆಗಂಟೆಗೆ ಓದಿ ಹೇಳಲಾರವು. ಅದಕ್ಕೆ ಫಿಲ್ಟರ್ ಬೇಕು, ಲ್ಯಾಬ್ ಬೇಕು, ಕೈ ಕೆಲಸ ಬೇಕು. ಹಾಗಾಗಿ ಅದು ಮೊಬೈಲಿನಲ್ಲಿ ಕಾಣುವುದಿಲ್ಲ. ಕಾಣದ್ದನ್ನು ನಾವು ಇಲ್ಲವೆಂದೇ ಲೆಕ್ಕ ಹಾಕಿಕೊಂಡಿದ್ದೇವೆ.

ಇದು ಎಂತದು, ಎಲ್ಲಿಂದ ಬರುತ್ತದೆ?

ಕಾರ್ಬನ್ ಇರುವ ಏನನ್ನೇ ಆಗಲಿ ಸಾಕಷ್ಟು ಆಮ್ಲಜನಕ ಕೊಡದೆ ಸುಟ್ಟರೆ ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಅಣುಗಳು ಹುಟ್ಟುತ್ತವೆ. ಇವಕ್ಕೆ ಪಾಲಿಸೈಕ್ಲಿಕ್ ಅರೊಮ್ಯಾಟಿಕ್ ಹೈಡ್ರೋಕಾರ್ಬನ್ ಅಂತ ಹೆಸರು, ಚಿಕ್ಕದಾಗಿ ಪಿಎಎಚ್. ಎರಡು ಉಂಗುರದ್ದು ನ್ಯಾಫ್ತಲೀನ್, ಬಟ್ಟೆ ಕಪಾಟಿನಲ್ಲಿ ಇಡುತ್ತಿದ್ದ ನುಸಿಗುಳಿಗೆ. ಅದು ಆವಿಯಾಗಿ ಗಾಳಿಯಲ್ಲಿ ತೇಲುತ್ತದೆ. ಐದು ಉಂಗುರದ ಬೆಂಜೊ-ಎ-ಪೈರೀನ್ ಹಾಗಲ್ಲ. ಅದು ಭಾರ, ಹೊಗೆಯ ಮಸಿಯ ಕಣಕ್ಕೆ ಅಂಟಿಕೊಂಡು ಶ್ವಾಸಕೋಶದ ತಳದವರೆಗೆ ಹೋಗುತ್ತದೆ.

ಮಸಿಗೂ ಕ್ಯಾನ್ಸರ್‌ಗೂ ನಂಟಿದೆ ಅಂತ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ ಬರೆದದ್ದು 1775ರಲ್ಲಿ, ಚಿಮಣಿ ಗುಡಿಸುವ ಹುಡುಗರನ್ನು ನೋಡಿ. ಕಲ್ಲಿದ್ದಲ ಟಾರಿನಿಂದ ಈ ಅಣುವನ್ನು ಬೇರ್ಪಡಿಸಿದ್ದು 1930ರ ದಶಕದ ಆರಂಭದಲ್ಲಿ. ಈಗ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಗುಂಪು 1ರಲ್ಲಿ ಇಟ್ಟಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾದ ಗುಂಪು.

ನಮ್ಮಲ್ಲಿ ಇದಕ್ಕೆ ಮೂಲಗಳು ಕಡಿಮೆಯೇನಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳು, ನಂತೂರು ಮತ್ತು ಕೊಟ್ಟಾರ ಚೌಕಿಯಲ್ಲಿ ಸಾಲುಗಟ್ಟಿ ನಿಲ್ಲುವ ಬಸ್ಸುಗಳು, ದಕ್ಕೆಯ ಡೀಸೆಲ್ ಬೋಟುಗಳು, ಪಣಂಬೂರಿನ ಬಂದರಿಗೆ ಬರುವ ಹಡಗುಗಳು, ಬೈಕಂಪಾಡಿಯ ಬಾಯ್ಲರುಗಳು, ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯದ ತೈಲಾಗಾರ. ಇವು ದೊಡ್ಡವು, ಎಲ್ಲರ ಕಣ್ಣಿಗೆ ಬೀಳುವವು. ಸಣ್ಣವೂ ಉಂಟು. ಸಂಜೆ ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಕೊಡುವುದು, ಅದರ ಜೊತೆಗೆ ನಾಲ್ಕು ಪ್ಲಾಸ್ಟಿಕ್ ಕವರನ್ನೂ ತಳ್ಳುವುದು. ತೋಟಕ್ಕೆ ಸುಡುಮಣ್ಣು ಮಾಡುವುದು. ಬಚ್ಚಲು ಒಲೆಗೆ ತೆಂಗಿನ ಸಿಪ್ಪೆ, ಮಡಲು ತುರುಕಿ ಬೆಳಗ್ಗೆ ಬೆಳಗ್ಗೆ ನೀರು ಕಾಯಿಸುವುದು. ಹಸಿ ಸಿಪ್ಪೆ ಹೊಗೆಯಾಡುವಾಗ ಅಪೂರ್ಣ ದಹನದ ಪಾಠ ಅಲ್ಲೇ ನಡೆಯುತ್ತಿರುತ್ತದೆ. ಇವೆಲ್ಲದರ ಮೇಲೆ ಪಚ್ಚನಾಡಿಯ ಡಂಪಿಂಗ್ ಯಾರ್ಡ್. 2019ರ ಆಗಸ್ಟ್‌ನಲ್ಲಿ ಅಲ್ಲಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಹೋದದ್ದು ಎಲ್ಲರಿಗೂ ನೆನಪಿರಬಹುದು. ಅಲ್ಲಿ ಬೆಂಕಿ ಬಿದ್ದಾಗ ಬರುವ ಹೊಗೆ ಮಾತ್ರ ವಾರದೊಳಗೆ ಸುದ್ದಿಯಿಂದ ಮಾಯವಾಗುತ್ತದೆ.

ಇವುಗಳಲ್ಲಿ ಯಾವುದರ ಪಾಲು ಎಷ್ಟು? ಇದು ಊಹೆಯಿಂದ ಹೇಳುವ ಪ್ರಶ್ನೆಯಲ್ಲ, ಅಳೆದು ಹೇಳಬೇಕಾದ ಪ್ರಶ್ನೆ.

ತೂಕ ಒಂದೇ, ವಿಷ ಬೇರೆ

ಪಿಎಂ 10ಕ್ಕೆ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಬೆಂಜೊ-ಎ-ಪೈರೀನ್‌ಗೆ 1 ನ್ಯಾನೋಗ್ರಾಂ. ಅಂದರೆ ಮೊದಲನೆಯದರ 60 ಸಾವಿರದಲ್ಲಿ ಒಂದು ಪಾಲು. ಸಮುದ್ರದ ಉಪ್ಪು, ಕೆಂಪುಮಣ್ಣಿನ ಧೂಳು, ಡೀಸೆಲ್ ಮಸಿ, ಈ ಮೂರೂ ತೂಕದ ಯಂತ್ರಕ್ಕೆ ಒಂದೇ. ಪಿಎಂ ಕಡಿಮೆ ಇರುವ ಊರಿನಲ್ಲೂ ಆ ಕಡಿಮೆ ಪಿಎಂನಲ್ಲಿ ಮಸಿಯ ಪಾಲು ಹೆಚ್ಚಿರಬಹುದು. ಧೂಳು ಜಾಸ್ತಿ ಇರುವ ಊರಿನಲ್ಲಿ ವಿಷ ಕಡಿಮೆಯೂ ಇರಬಹುದು.

ಸರ್ಕಾರದ ಗಮನ ಹೋಗುವುದು ತೂಕದ ಮೇಲೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಂಗಳೂರು ಇಲ್ಲ. ಪಟ್ಟಿಯಲ್ಲಿಲ್ಲ ಅಂದರೆ ಅದರ ಅನುದಾನವೂ ಇಲ್ಲ, ಕ್ರಿಯಾಯೋಜನೆಯೂ ಇಲ್ಲ, ಪತ್ರಿಕೆಯವರು ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆಯೂ ಇಲ್ಲ. ತೈಲಾಗಾರ, ರಸಗೊಬ್ಬರ ಕಾರ್ಖಾನೆ, ಬಂದರು ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿರುವ ಊರಿಗೆ ಧೂಳಿನ ತೂಕ ಒಂದನ್ನೇ ನೋಡಿ ಪಾಸ್ ಮಾರ್ಕ್ ಕೊಟ್ಟರೆ ಸಾಕಾ?

ಈ 1 ನ್ಯಾನೋಗ್ರಾಂ ಕೂಡ ಸೊನ್ನೆ ಅಪಾಯದ ಗೆರೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಅಷ್ಟು ಪ್ರಮಾಣದ ಗಾಳಿಯನ್ನು ಹತ್ತು ಲಕ್ಷ ಜನ ಜೀವಮಾನ ಪೂರ್ತಿ ಉಸಿರಾಡಿದರೆ ಸುಮಾರು 87 ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು. ಕೋಕ್ ಒಲೆಗಳಲ್ಲಿ ದುಡಿದ ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರ್ ನೋಡಿ ಹಾಕಿದ ಲೆಕ್ಕ ಅದು. ಹೆದರಿಸುವುದಕ್ಕೆ ಹೇಳುತ್ತಿಲ್ಲ. 1 ಇದ್ದರೆ, 3 ಇದ್ದರೆ, 0.3 ಇದ್ದರೆ ಲೆಕ್ಕ ಬೇರೆ ಬೇರೆ. ನಮ್ಮದು ಎಷ್ಟು ಅಂತ ಗೊತ್ತಿಲ್ಲದೆ ಹೆದರುವುದೂ ತಪ್ಪು, ನಿಶ್ಚಿಂತೆಯಿಂದ ಇರುವುದೂ ತಪ್ಪು.

ಪಡ್ರೆಯಿಂದ ಕಲಿಯಬೇಕಾದ್ದು

ಅಳತೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಾವು ಭೋಪಾಲ್ ತನಕ ಹೋಗಬೇಕಾಗಿಲ್ಲ. ಇಲ್ಲೇ, ಗಡಿಯಾಚೆ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಉಂಟು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು 1970ರ ದಶಕದ ಕೊನೆಯಿಂದ 2000ದ ತನಕ. ಊರಿನಲ್ಲಿ ಏನೋ ಸರಿಯಿಲ್ಲ ಅಂತ ಅಲ್ಲಿಯ ವೈದ್ಯರೂ ಪತ್ರಕರ್ತರೂ ಹೇಳುತ್ತಲೇ ಇದ್ದರು. ನೀರು, ಮಣ್ಣು, ಜನರ ರಕ್ತದ ಮಾದರಿಗಳನ್ನು ದೆಹಲಿಯ ಸಂಸ್ಥೆಯೊಂದು ಪರೀಕ್ಷಿಸಿದ್ದು 2001ರಲ್ಲಿ. ಅದರಲ್ಲಿ ವಿಷ ಕಂಡಿತು. ಆಮೇಲೆ ಇನ್ನೊಂದು ಪ್ರಯೋಗಾಲಯದ ವರದಿ ಬೇರೆಯೇ ಹೇಳಿತು. ಯಾರ ಅಂಕಿ ಸರಿ ಎಂಬ ಜಗಳದಲ್ಲೇ ವರ್ಷಗಳು ಹೋದವು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ.

ಬೆಂಜೊ-ಎ-ಪೈರೀನ್ ಕಥೆ ಎಂಡೋಸಲ್ಫಾನ್ ಕಥೆಯಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ. ಆದರೆ ಒಂದು ಪಾಠ ಎರಡಕ್ಕೂ ಹೊಂದುತ್ತದೆ. ಜಗಳ ಶುರುವಾದ ಮೇಲೆ ತೆಗೆದ ಮಾದರಿಯನ್ನು ಯಾರೂ ಪೂರ್ತಿ ನಂಬುವುದಿಲ್ಲ. ಜಗಳಕ್ಕೆ ಮೊದಲೇ, ಯಾರ ಮೇಲೂ ಬೊಟ್ಟು ಮಾಡದೆ, ವರ್ಷಾನುಗಟ್ಟಲೆ ಸಂಗ್ರಹಿಸಿಟ್ಟ ಅಂಕಿಗೆ ಇರುವ ಬೆಲೆಯೇ ಬೇರೆ. ಜೋಕಟ್ಟೆಯ ಜನ ತೈಲಾಗಾರದ ಕೋಕ್ ಘಟಕದ ಕಪ್ಪು ಧೂಳಿನ ವಿರುದ್ಧ ಬೀದಿಗಿಳಿದದ್ದು ನಮಗೆಲ್ಲ ಗೊತ್ತು. ಅಂಥ ಹೊತ್ತಿನಲ್ಲಿ ಎರಡೂ ಕಡೆಯವರು ಒಪ್ಪುವಂಥ ಹಳೆಯ ದಾಖಲೆ ಒಂದಿದ್ದರೆ ಮಾತುಕತೆಯ ದಾರಿಯೇ ಬೇರೆಯಾಗುತ್ತದೆ.

ಅಳೆಯುವುದು ಸುಲಭವಲ್ಲ, ಅದಕ್ಕೇ ನಾವು ಬೇಕು

ನಮ್ಮಲ್ಲಿ ಪ್ರಾಜೆಕ್ಟ್ ಎಕ್ಸಿಬಿಷನ್ ಆದರೆ ಒಂದೆರಡಾದರೂ "ಸ್ಮಾರ್ಟ್ ಏರ್ ಕ್ವಾಲಿಟಿ ಮಾನಿಟರ್" ಇರುತ್ತವೆ. ಸಣ್ಣ ಲೇಸರ್ ಸೆನ್ಸರ್, ಒಂದು ಮೈಕ್ರೋಕಂಟ್ರೋಲರ್, ಡ್ಯಾಶ್‌ಬೋರ್ಡ್. ಕೋಡಿಂಗ್ ಕಲಿಯಲು ಒಳ್ಳೆಯದೇ. ಆದರೆ ಆ ಸೆನ್ಸರ್ ನೋಡುವುದು ಕಣ ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬುದನ್ನು ಮಾತ್ರ. ಕಣ ಉಪ್ಪಿನದ್ದಾ, ಮಸಿಯದ್ದಾ ಅಂತ ಅದಕ್ಕೆ ತಿಳಿಯದು. ನಮ್ಮ ಊರಿನ ತೇವದಲ್ಲಿ ಉಪ್ಪಿನ ಕಣ ನೀರು ಕುಡಿದು ಊದಿಕೊಂಡರೆ ಅದನ್ನೇ ಮಾಲಿನ್ಯ ಅಂತ ತೋರಿಸುತ್ತದೆ. ಅಂಥ ಇನ್ನೊಂದು ಪೆಟ್ಟಿಗೆಯಿಂದ ಊರಿಗೆ ಹೊಸದೇನೂ ತಿಳಿಯುವುದಿಲ್ಲ.

ಬೆಂಜೊ-ಎ-ಪೈರೀನ್ ಅಳೆಯುವ ದಾರಿ ಹಳೆಯದು, ನಿಧಾನದ್ದು. ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುವ ಸ್ಯಾಂಪ್ಲರ್ ದಿನಕ್ಕೆ 24 ಘನ ಮೀಟರ್ ಗಾಳಿಯನ್ನು ಫಿಲ್ಟರ್ ಮೂಲಕ ದಾಟಿಸುತ್ತದೆ. ಗಾಳಿಯಲ್ಲಿ ಮಿತಿಯಷ್ಟೇ, ಅಂದರೆ 1 ನ್ಯಾನೋಗ್ರಾಂ ಇದ್ದರೆ, ಇಡೀ ಫಿಲ್ಟರಿನಲ್ಲಿ ಸಿಗುವುದು 24 ನ್ಯಾನೋಗ್ರಾಂ. ಇಷ್ಟು ಚೂರನ್ನು ದ್ರಾವಕದಲ್ಲಿ ಕರಗಿಸಿ ತೆಗೆಯಬೇಕು, ದ್ರಾವಕವನ್ನು ಆವಿ ಮಾಡಿ ಒಂದು ಮಿಲಿಲೀಟರಿಗೂ ಕಡಿಮೆಗೆ ಇಳಿಸಬೇಕು, ಸಿಲಿಕಾ ಜೆಲ್‌ನಲ್ಲಿ ಶುದ್ಧ ಮಾಡಬೇಕು, ಆಮೇಲೆ ಗ್ಯಾಸ್ ಕ್ರೊಮ್ಯಾಟೊಗ್ರಫಿ-ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಬೇಕು.

ಪ್ರತಿ ಹೆಜ್ಜೆಯಲ್ಲೂ ಎಡವಲು ಜಾಗ ಉಂಟು. ಅಣುತೂಕ 252 ಇರುವ ಅಣ್ಣತಮ್ಮಂದಿರು ಹಲವರು: ಬೆಂಜೊ-ಎ-ಪೈರೀನ್, ಬೆಂಜೊ-ಇ-ಪೈರೀನ್, ಪೆರಿಲೀನ್, ಎರಡು ಬಗೆಯ ಬೆಂಜೊಫ್ಲೋರಾಂಥೀನ್. ಬರೀ ತೂಕ ನೋಡುವ ಯಂತ್ರಕ್ಕೆ ಎಲ್ಲರೂ ಒಂದೇ. ಕಾಲಮ್ಮಿನಲ್ಲಿ ಅವರನ್ನು ಬೇರ್ಪಡಿಸದಿದ್ದರೆ ತಮ್ಮನ ಲೆಕ್ಕ ಅಣ್ಣನ ಖಾತೆಗೆ ಹೋಗುತ್ತದೆ. ಫಿಲ್ಟರಿನ ಮೇಲೆ ಕೂತ ಅಣುವನ್ನು ಓಝೋನ್ ತಿನ್ನುತ್ತದೆ, ಬೆಳಕು ಒಡೆಯುತ್ತದೆ. ಅದಕ್ಕೆ ಫಿಲ್ಟರನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ಗಾಳಿ ಎಳೆಯದೆ ಸುಮ್ಮನೆ ಒಯ್ದು ತಂದ ಖಾಲಿ ಫಿಲ್ಟರ್ ಎಷ್ಟು ತೋರಿಸುತ್ತದೆ ಎಂದು ನೋಡಬೇಕು. ಗೊತ್ತಿರುವ ಪ್ರಮಾಣ ಹಾಕಿ ಅದರಲ್ಲಿ ಎಷ್ಟು ವಾಪಸ್ ಸಿಕ್ಕಿತು ಎಂದು ನೋಡಬೇಕು. ಈ ಎರಡು ಸಂಖ್ಯೆ ಕೊಡದ ವರದಿಯ ಉಳಿದ ಸಂಖ್ಯೆಗಳನ್ನು ನಂಬಬಾರದು.

ಹತ್ತು ಫಿಲ್ಟರಿನ "ಮಿತಿಯೊಳಗಿದೆ"

ಇನ್ನು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಪದ್ಧತಿ. ವಾರ್ಷಿಕ ಸರಾಸರಿ ಅಂದರೆ ಒಂದು ಜಾಗದಲ್ಲಿ ವಾರಕ್ಕೆ ಎರಡರಂತೆ, 24 ಗಂಟೆಯ, ಕನಿಷ್ಠ 104 ಅಳತೆಗಳ ಸರಾಸರಿ ಅಂತ 2009ರ ಅಧಿಸೂಚನೆಯೇ ಹೇಳುತ್ತದೆ. ಬೆಂಜೊ-ಎ-ಪೈರೀನ್‌ಗೆ ಇರುವುದು ವಾರ್ಷಿಕ ಮಿತಿ ಮಾತ್ರ. ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ, ಅದರಲ್ಲೂ ಕೊನೆಯ ಮೂರು ವಾರದಲ್ಲಿ, ಹತ್ತು ಫಿಲ್ಟರ್ ತೆಗೆದು "ಮಿತಿಯೊಳಗಿದೆ" ಅಂತ ಬರೆದರೆ ಅದಕ್ಕೆ ಅರ್ಥವಿಲ್ಲ. ಅದೂ ಜುಲೈಯಲ್ಲಿ ತೆಗೆದದ್ದಾದರೆ ಗಾಳಿಯನ್ನು ಮಳೆ ತೊಳೆದಿರುತ್ತದೆ. ಜನವರಿಯ ರಾತ್ರಿಯಲ್ಲಿ ಭೂಮಿ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಬೀಸುವ ಗಾಳಿಯಲ್ಲಿ ಹೊಗೆ ಕೆಳಗೇ ನಿಂತಿರುವಾಗ ಫಲಿತಾಂಶ ಬೇರೆಯೇ ಬಂದೀತು. ತಪ್ಪು ಧೈರ್ಯ ಕೊಡುವ ವರದಿಗಿಂತ ವರದಿ ಇಲ್ಲದಿರುವುದೇ ಮೇಲು. ಅದನ್ನು ಯಾರೋ ಒಂದು ದಿನ ಸಭೆಯಲ್ಲಿ ಎತ್ತಿ ತೋರಿಸಿಯಾರು.

ಸುರತ್ಕಲ್‌ನ ಎನ್‌ಐಟಿಕೆ ಸಂಶೋಧಕರು ಮಂಗಳೂರಿನ ಪಿಎಂ 10, ಪಿಎಂ 2.5 ಎಲ್ಲಿಂದ ಬರುತ್ತವೆ ಎಂದು ಲೆಕ್ಕ ಹಾಕಿ 2018ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಅಂದರೆ ಜ್ಞಾನ ನಮ್ಮ ಊರಲ್ಲೇ ಉಂಟು. ಇಲ್ಲದ್ದು ಒಂದು ಬ್ಯಾಚ್ ಹೋದ ಮೇಲೆ ಇನ್ನೊಂದು ಬ್ಯಾಚ್ ಅದೇ ಕೆಲಸ ಮುಂದುವರಿಸುವ ಅಭ್ಯಾಸ.

ಹಾಗಾಗಿ ನನ್ನ ಪ್ರಸ್ತಾವ ಇಷ್ಟು. ಒಂದು ಕಾಲೇಜು, ಒಂದು ಜಾಗ, ಒಂದು ವರ್ಷ, 104 ಫಿಲ್ಟರ್. ವಾರಕ್ಕೆ ಎರಡು ಸಲ ಫಿಲ್ಟರ್ ಬದಲಿಸಲು ಸರದಿಯಲ್ಲಿ ಇಬ್ಬರು ವಿದ್ಯಾರ್ಥಿಗಳು. ಪ್ರತಿ ಫಿಲ್ಟರನ್ನು ಅರ್ಧ ಕತ್ತರಿಸಿ, ಒಂದು ತಿಂಗಳ ಅರ್ಧಗಳನ್ನೆಲ್ಲ ಒಟ್ಟು ಸೇರಿಸಿ ಒಂದೇ ಸಲ ಪರೀಕ್ಷಿಸಿದರೆ ವರ್ಷಕ್ಕೆ 104ರ ಬದಲು 12 ಮುಖ್ಯ ಪರೀಕ್ಷೆ ಸಾಕು. ಅದರ ಮೇಲೆ ಖಾಲಿ ಫಿಲ್ಟರ್, ವಾಪಸಾತಿ ಪರೀಕ್ಷೆಗಳು. 1 ನ್ಯಾನೋಗ್ರಾಂ ಮಟ್ಟದಲ್ಲಿ ತಿಂಗಳಿಗೆ ಸುಮಾರು 100 ನ್ಯಾನೋಗ್ರಾಂ ಸಿಗುತ್ತದೆ, ಯಂತ್ರಕ್ಕೆ ಅಳೆಯಲು ಕಷ್ಟವಿಲ್ಲ. ಉಳಿದ ಅರ್ಧಗಳು ಫ್ರೀಜರಿನಲ್ಲಿ ಇರಲಿ. ಪಚ್ಚನಾಡಿಯಲ್ಲಿ ಬೆಂಕಿ ಬಿದ್ದ ವಾರ, ದೀಪಾವಳಿಯ ವಾರ ಅಂತ ಯಾರಾದರೂ ಕೇಳಿದರೆ ಆ ದಿನದ ಅರ್ಧವನ್ನೇ ತೆಗೆದು ನೋಡಬಹುದು. ಮೆಕ್ಯಾನಿಕಲ್‌ನವರು ಪಂಪಿನ ಹರಿವು ತಪ್ಪದಂತೆ ನೋಡಲಿ, ಕೆಮಿಕಲ್‌ನವರು ಲ್ಯಾಬ್ ನೋಡಲಿ, ಸಿವಿಲ್‌ನವರು ಜಾಗ ಮತ್ತು ಗಾಳಿಯ ದಿಕ್ಕು, ಕಂಪ್ಯೂಟರ್ ಸೈನ್ಸ್‌ನವರು ದಾಖಲೆ. ಮೊದಲ ವರ್ಷ ದಕ್ಕಿದರೆ ಎರಡನೆಯ ಕಾಲೇಜು ಬೈಕಂಪಾಡಿ ಕಡೆಯೂ ಮೂರನೆಯದು ಹಂಪನಕಟ್ಟೆಯಲ್ಲೂ ಅದನ್ನೇ ಮಾಡಲಿ. ಆಗ ಮೂಲದ ಲೆಕ್ಕವೂ ಸಾಧ್ಯ. ಕಟ್ಟಿಗೆ, ತರಗೆಲೆ ಸುಟ್ಟಾಗ ಲೆವೊಗ್ಲುಕೊಸಾನ್ ಎಂಬ ವಸ್ತು ಬರುತ್ತದೆ, ಡೀಸೆಲಿನಿಂದ ಬಾರದು. ಅದನ್ನೂ ಅಳೆದರೆ ಬಚ್ಚಲು ಒಲೆಯ ಪಾಲೆಷ್ಟು, ಲಾರಿಯ ಪಾಲೆಷ್ಟು ಎಂಬ ಮಾತಿಗೆ ಒಂದು ಬುಡ ಸಿಗುತ್ತದೆ.

ಆಕ್ಷೇಪಗಳು ಬರುತ್ತವೆ

ಮೊದಲನೆಯದು ಹಣ. ಸ್ಯಾಂಪ್ಲರ್ ಅಗ್ಗದ್ದಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ಅಂತೂ ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ. ಆದರೆ ತಿಂಗಳಿಗೊಂದು ಪರೀಕ್ಷೆಯನ್ನು ಹೊರಗಿನ ಲ್ಯಾಬಿನಲ್ಲಿ ಹಣ ಕೊಟ್ಟು ಮಾಡಿಸಬಹುದು. ಟೆಕ್ ಫೆಸ್ಟಿನ ಸ್ಟೇಜು ಲೈಟಿಗೆ ಪ್ರಾಯೋಜಕರನ್ನು ಹುಡುಕುವ ನಮಗೆ ಇದಕ್ಕೂ ಹುಡುಕಲು ಬರಬೇಕು.

ಎರಡನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ: "ಇಂಡಸ್ಟ್ರಿಯವರಿಗೆ ಬೇಜಾರಾದರೆ ಪ್ಲೇಸ್‌ಮೆಂಟ್ ಏನಾಗಬೇಕು, ಇಂಟರ್ನ್‌ಶಿಪ್ ಏನಾಗಬೇಕು?" ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಆದರೆ ಸರಿಯಾದ ಅಳತೆ ಕಾರ್ಖಾನೆಗೂ ಬೇಕಾದದ್ದೇ. ಊರಿನ ಎಲ್ಲ ಹೊಗೆಗೂ ತಮ್ಮನ್ನೇ ಬೈಯುತ್ತಾರೆ ಅಂತ ಅವರ ದೂರು. ತಮ್ಮ ಪಾಲು ಎಷ್ಟು ಎಂಬ ಅಂಕಿ ಅವರಿಗೂ ರಕ್ಷಣೆ. ಬೇಜಾರಾಗುವುದು ಪಾಲು ಹೆಚ್ಚಿದ್ದವರಿಗೆ ಮಾತ್ರ. ಅಂಥವರ ಬೇಜಾರಿಗೆ ಹೆದರಿ ಅಳೆಯದೆ ಬಿಟ್ಟರೆ ನಾವು ಕಲಿತ ಇಂಜಿನಿಯರಿಂಗ್ ಎಂತಕ್ಕೆ?

ಮೂರನೆಯದು, ಜನ ಸುಮ್ಮನೆ ಗಾಬರಿಯಾಗುತ್ತಾರೆ ಎಂಬುದು. ಮೂಗಿಗೆ ಹೊಗೆ ಬಂದು, ಕಿಟಕಿ ಮೇಲೆ ಕಪ್ಪು ಕೂತು, ಯಾರೂ ಏನೂ ಹೇಳದೆ ಇರುವಾಗ ಆಗುವ ಗಾಬರಿಗಿಂತ ಇದು ದೊಡ್ಡದಲ್ಲ.

ಇದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ, ವಿದ್ಯಾರ್ಥಿಗಳದ್ದಲ್ಲ ಅಂತಲೂ ಹೇಳಬಹುದು. ಕಾನೂನಿನ ಪ್ರಕಾರ ಹೌದು. ಮಂಡಳಿಯಿಂದ ನಾವು ಕೇಳಬೇಕಾದ್ದೂ ಉಂಟು: ಮಂಗಳೂರಿನ ಬೆಂಜೊ-ಎ-ಪೈರೀನ್ ವಾರ್ಷಿಕ ಸರಾಸರಿಯನ್ನು, ಎಷ್ಟು ಮಾದರಿಯಿಂದ ಬಂತು ಎಂಬುದರ ಸಮೇತ, ಪ್ರತಿ ವರ್ಷ ಕನ್ನಡದಲ್ಲಿ ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಲಿ. ಕೇಳುವವರ ಕೈಯಲ್ಲಿ ತಮ್ಮದೇ 104 ಫಿಲ್ಟರಿನ ದಾಖಲೆ ಇದ್ದರೆ ಆ ಕೇಳುವಿಕೆಗೆ ತೂಕ ಬರುತ್ತದೆ. ಎರಡು ಸ್ವತಂತ್ರ ಅಂಕಿ ತಾಳೆಯಾದರೆ ಎರಡನ್ನೂ ನಂಬಬಹುದು. ತಾಳೆಯಾಗದಿದ್ದರೆ ಎಲ್ಲಿ ತಪ್ಪಿತು ಅಂತ ಹುಡುಕಬಹುದು.

ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟ್ ವಿಷಯಗಳನ್ನು ಆರಿಸುವ ಹೊತ್ತು ಬರುತ್ತಿದೆ. ಮೂರನೆಯ ವರ್ಷದವರು ಈಗಲೇ ಒಬ್ಬ ಗೈಡನ್ನು ಹಿಡಿದು, ಅಕ್ಟೋಬರಿನಲ್ಲಿ ಮಳೆ ನಿಂತ ಕೂಡಲೇ ಮೊದಲ ಫಿಲ್ಟರ್ ಹಾಕಿದರೆ ಅವರು ಪಾಸಾಗುವ ಮೊದಲು ಅರ್ಧ ವರ್ಷದ ಮಾದರಿ ಫ್ರೀಜರಿನಲ್ಲಿರುತ್ತದೆ. ಉಳಿದ ಅರ್ಧವನ್ನು ಜೂನಿಯರುಗಳಿಗೆ ಒಪ್ಪಿಸಿ ಹೋಗಲಿ. ಪ್ರಾಜೆಕ್ಟ್ ರಿಪೋರ್ಟಿನ ಕೊನೆಯ ಅಧ್ಯಾಯದಲ್ಲಿ "ಅಳತೆ ಮುಂದುವರಿದಿದೆ" ಅಂತ ಬರೆಯಲು ಗೈಡ್ ಒಪ್ಪಬೇಕು, ಎಕ್ಸ್‌ಟರ್ನಲ್ ಕೂಡ ಒಪ್ಪಬೇಕು. ಯಾರಾದರೂ ತಯಾರಿದ್ದರೆ ಕನ್ನಡ ಸಂಘದ ಯಾರಿಗಾದರೂ ಹೇಳಿ. ಫಿಲ್ಟರ್ ಬದಲಿಸುವ ಸರದಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ.